ತೆಂಗಿನಕಾಯಿಗೆ ಅಂಟಿದ ‘ಎ’

ಇಂಗ್ಲಿಷಿನಲ್ಲಿ ತೆಂಗಿನಕಾಯಿಯ ಸ್ಪೆಲಿಂಗ್ ಕೆಡಿಸಿದ್ದು ಒಂದು ನಿಘಂಟು! ಅದೂ 1755ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಸ್ಯಾಮ್ಯುಯೆಲ್ ಜಾನ್ಸನ್ನನ ಹೆಸರಾಂತ ನಿಘಂಟು.

ತೆಂಗಿನ ‘ಕೋಕೊ’ ಬೇರೆ, ಚಾಕೊಲೇಟಿನ ಕೋಕೋ ಬೇರೆ. ಒಂದಕ್ಕೊಂದು ನಂಟೇ ಇಲ್ಲ. ಆದರೆ ಜಾನ್ಸನ್ನನ ಪುಟದಲ್ಲಿ ಎರಡರ ವಿವರಣೆಯೂ ಒಂದೇ ಪದದ ಕೆಳಗೆ ಕಲಸಿಹೋಯಿತು. ತೆಂಗಿನಕಾಯಿಯ ನಡುವೆ ಬೇಡದ ‘ಎ’ ಬೇರೂರಿತು: ಸಿ-ಓ-ಸಿ-ಓ-ಎ-ಎನ್-ಯು-ಟಿ. ಓದುವಾಗ ಆ ‘ಎ’ಗೆ ಸದ್ದೇ ಇಲ್ಲವಲ್ಲ, ಬಹುಕಾಲ ಹಾಗೇ ಉಳಿಯಿತು. 1929ರಲ್ಲಿ ಬಂದ ಮಾರ್ಕ್ಸ್ ಸಹೋದರರ ಅಮೆರಿಕನ್ ಹಾಸ್ಯಚಿತ್ರ ‘ದಿ ಕೋಕೋನಟ್ಸ್’ ಹೆಸರಿನಲ್ಲೂ ಅದೇ ‘ಎ’ ಇದೆ!

ಈಗ ತುರುವೇಕೆರೆಯ ಶಾಲಾಮಕ್ಕಳು ಹಾಗೆ ಬರೆದರೆ ಕೆಂಪು ಗೆರೆ ಗ್ಯಾರಂಟಿ. ತಪ್ಪು ಜಾನ್ಸನ್ನನದು ಎಂದು ವಾದಿಸಬಹುದು, ಮಾರ್ಕ್ಸ್ ಸಿಗುವುದು ಅನುಮಾನ.

ಕೊಬ್ಬರಿಯ ಇಂಗ್ಲಿಷ್ ಹೆಸರು ‘ಕೊಪ್ರ’ಕ್ಕೆ ಈ ಕಾಟವಿಲ್ಲ, ಕೇಳಿದಂತೆಯೇ ಬರೆದರಾಯಿತು. ಮಲಯಾಳದ ‘ಕೊಪ್ಪರ’ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋದ ಪದ ಅದು. ತಿಪಟೂರಿನ ಮಂಡಿಯಲ್ಲಿ ಹರಾಜಾಗುವ ಉಂಡೆ ಕೊಬ್ಬರಿಗೂ ವ್ಯಾಪಾರದ ಇಂಗ್ಲಿಷಿನಲ್ಲಿ ಅದೇ ಹೆಸರು.