ಸುಣ್ಣಕಲ್ಲಿನ ಅನಿಲ ಮತ್ತು ಸುಬ್ರಹ್ಮಣ್ಯಪುರದ ಬಂಡೆ: ಕೊಳವೆ ಅನಿಲ ಸಂಪರ್ಕ ಹಾಗೂ ಕೊಳವೆಬಾವಿ ಅರ್ಜಿದಾರರಿಗೆ ಭೂವೈಜ್ಞಾನಿಕ ಮಾಹಿತಿ

ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಬನಶಂಕರಿ, ಜೆ.ಪಿ. ನಗರ ಮುಂತಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳ ನಿವಾಸಿಗಳು ನೆಲದಡಿಗೆ ಸಂಬಂಧಿಸಿದ ಎರಡು ಬಗೆಯ ಅರ್ಜಿಗಳನ್ನು ಸಲ್ಲಿಸುವುದುಂಟು. ಒಂದು, ಅಡುಗೆಮನೆಗೆ ಕೊಳವೆ ಮೂಲಕ ನೈಸರ್ಗಿಕ ಅನಿಲದ ಸಂಪರ್ಕ ಕೋರಿ. ಇನ್ನೊಂದು, ನಿವೇಶನದಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಕೋರಿ. ಈ ಅನಿಲವು ಎಲ್ಲಿಯದು, ಸ್ಥಳೀಯ ಬಂಡೆಯಲ್ಲಿ ಅದು ಏಕೆ ದೊರೆಯುವುದಿಲ್ಲ, ಕೊರೆಯುವಾಗ ಅನಿಲದ ಅಪಾಯ ಎಲ್ಲಿಂದ ಬರಬಹುದು ಎಂಬ ವಿಷಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಅನಿಲವು ಬರುವ ದಾರಿ

ಮಹಾರಾಷ್ಟ್ರದ ಕರಾವಳಿಯ ದಾಭೋಳದಿಂದ ಬೆಂಗಳೂರಿನವರೆಗೆ ಸುಮಾರು 1,000 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವನ್ನು ಗೇಲ್ ಸಂಸ್ಥೆಯು ನಿರ್ಮಿಸಿದ್ದು, 2013ರಲ್ಲಿ ಅದು ಕಾರ್ಯಾರಂಭ ಮಾಡಿತು. ಬೆಂಗಳೂರು ನಗರ ಹಾಗೂ ಗ್ರಾಮಾಂತರ ಜಿಲ್ಲೆಗಳಲ್ಲಿ ಮನೆ ಮನೆಗೆ ಅನಿಲ ವಿತರಿಸುವ ಅನುಮತಿಯು 2015ರಲ್ಲಿ ಗೇಲ್ ಗ್ಯಾಸ್ ಸಂಸ್ಥೆಗೆ ದೊರೆಯಿತು. ದಾಭೋಳದ ಕೊಳವೆಯು ಗುಜರಾತಿನ ದಹೇಜ್ ಕಡೆಯ ಮಾರ್ಗದೊಂದಿಗೂ ಜೋಡಣೆಗೊಂಡಿರುವುದರಿಂದ, ಹಲವು ಮೂಲಗಳ ಅನಿಲವು ಒಂದೇ ಕೊಳವೆಯಲ್ಲಿ ಬೆರೆತು ಹರಿಯುತ್ತದೆ. ಇಂತಹ ಮನೆಯ ಇಂತಹ ಒಲೆಗೆ ಇಂತಹ ಬಾವಿಯ ಅನಿಲವೇ ಬಂದಿತೆಂದು ಹೇಳಲು ಬಾರದು.

ಆದರೂ ಎರಡು ಮೂಲಗಳು ಗಮನಾರ್ಹವಾಗಿವೆ. ಮೊದಲನೆಯದು ಮುಂಬಯಿಯ ಪಶ್ಚಿಮಕ್ಕಿರುವ ಸಮುದ್ರತಳ. ಅಲ್ಲಿ 1974ರಲ್ಲಿ ಪತ್ತೆಯಾದ ಬಾಂಬೆ ಹೈ ಹಾಗೂ ಅನಂತರ ದೊರೆತ ಬಸ್ಸೀನ್ ಕ್ಷೇತ್ರಗಳಲ್ಲಿ ತೈಲ ಮತ್ತು ಅನಿಲಗಳು ಮುಖ್ಯವಾಗಿ ಸುಣ್ಣಕಲ್ಲಿನಲ್ಲಿಯೇ ಸಂಗ್ರಹವಾಗಿವೆ. ಎರಡನೆಯದು ಕತಾರ್ ದೇಶ. ಅಲ್ಲಿನ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿದಾಗ ಅದು ದ್ರವವಾಗಿ, ಗಾತ್ರದಲ್ಲಿ ಸುಮಾರು 600ನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗೆ ದ್ರವರೂಪಕ್ಕೆ ತಂದ ಅನಿಲದ ಮೊದಲ ಹಡಗು 2004ರಲ್ಲಿ ದಹೇಜ್ ತಲುಪಿತು.

ಖುಫ್ ಶಿಲಾಸ್ತೋಮ

ಕತಾರಿನ ಉತ್ತರ ಕ್ಷೇತ್ರವು 1971ರಲ್ಲಿ ಪತ್ತೆಯಾಯಿತು. ಸಮುದ್ರದಡಿಯಲ್ಲಿ ಗಡಿಯಾಚೆ ಮುಂದುವರಿಯುವ ಇರಾನಿನ ಸೌತ್ ಪಾರ್ಸ್ ಭಾಗವನ್ನೂ ಸೇರಿಸಿದರೆ, ಇದು ಪ್ರಪಂಚದ ಅತಿ ದೊಡ್ಡ ನೈಸರ್ಗಿಕ ಅನಿಲ ಕ್ಷೇತ್ರವಾಗಿದೆ. ಸುಮಾರು 3 ಕಿಲೋಮೀಟರ್ ಆಳದಲ್ಲಿ ಈ ಅನಿಲವನ್ನು ಹಿಡಿದಿಟ್ಟುಕೊಂಡಿರುವುದು ಸುಣ್ಣಕಲ್ಲು ಮತ್ತು ಡಾಲೊಮೈಟ್ ಶಿಲೆಗಳ ಸ್ತೋಮ. ಸೌದಿ ಅರೇಬಿಯಾದ ಒಂದು ಸ್ಥಳದ ಹೆಸರಿನಿಂದ ಇದಕ್ಕೆ ಖುಫ್ ಶಿಲಾಸ್ತೋಮವೆಂಬ ಹೆಸರು ಬಂದಿದೆ.

ಈ ಪದರಗಳು ನಿಕ್ಷೇಪಗೊಂಡಾಗ ಅಲ್ಲಿ ಬೆಚ್ಚಗಿನ, ಆಳವಿಲ್ಲದ, ವಿಶಾಲವಾದ ಸಮುದ್ರವಿತ್ತು. ಚಿಪ್ಪುಗಳ ಚೂರು, ಸುಣ್ಣದ ಸಣ್ಣ ಗುಂಡು ಕಣ ಹಾಗೂ ಸುಣ್ಣದ ಕೆಸರು ತಳದಲ್ಲಿ ಶೇಖರಗೊಂಡವು. ಪರ್ಮಿಯನ್ ಯುಗದ ಕೊನೆ ಹಾಗೂ ಟ್ರಯಾಸಿಕ್ ಯುಗದ ಆರಂಭವೆರಡೂ ಈ ಸ್ತೋಮದೊಳಗೆ ಅಡಕವಾಗಿವೆ. ಅಂದರೆ, ಸುಮಾರು 25.2 ಕೋಟಿ ವರ್ಷಗಳ ಹಿಂದೆ ಭೂಮಿಯ ಇತಿಹಾಸದಲ್ಲಿಯೇ ಅತಿ ಘೋರವಾದ ಜೀವನಾಶ ಸಂಭವಿಸಿದ ಕಾಲದ ಗುರುತು ಈ ಅನಿಲಧಾರಕ ಶಿಲೆಯ ನಡುವೆಯೇ ಹಾದುಹೋಗುತ್ತದೆ.

ಸುಣ್ಣಕಲ್ಲು ಡಾಲೊಮೈಟ್ ಆಗುವ ಬಗೆ ತಿಳಿಯತಕ್ಕದ್ದಾಗಿದೆ. ದಡದ ಹಿನ್ನೀರಿನಲ್ಲಿ ಸಮುದ್ರದ ನೀರು ಆವಿಯಾಗುತ್ತ ಹೋದಂತೆ ಅದು ಉಪ್ಪಿನಿಂದ ದಟ್ಟವಾಗಿ, ಭಾರವಾಗಿ, ಕೆಳಗಿನ ಸುಣ್ಣದ ಪದರದೊಳಕ್ಕೆ ಇಳಿಯುತ್ತದೆ. ಆ ನೀರಿನಲ್ಲಿರುವ ಮೆಗ್ನೀಸಿಯಮ್, ಸುಣ್ಣಕಲ್ಲಿನ ಕ್ಯಾಲ್ಸಿಯಮ್‌ನಲ್ಲಿ ಒಂದು ಪಾಲನ್ನು ಹೊರಗೆ ಹಾಕಿ ತಾನು ಸೇರಿಕೊಳ್ಳುತ್ತದೆ. ಹೊಸ ಖನಿಜದ ಹರಳುಗಳು ಬೆಳೆಯುವಾಗ ಅವುಗಳ ನಡುವೆ ಅನೇಕ ವೇಳೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅನಿಲವು ನೆಲೆಸುವುದು ಈ ರಂಧ್ರಗಳಲ್ಲಿ, ಜನಸಾಮಾನ್ಯರು ಭಾವಿಸುವಂತೆ ನೆಲದಡಿಯ ದೊಡ್ಡ ಗುಹೆಯಲ್ಲಿ ಅಲ್ಲ. ಆದರೆ ಅದೇ ದಟ್ಟ ನೀರಿನಿಂದ ಅನ್‌ಹೈಡ್ರೈಟ್ ಎಂಬ ಖನಿಜವೂ ಹರಳುಗಟ್ಟಿ ಕೆಲವೆಡೆ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆದಕಾರಣ ಒಂದೇ ಸ್ತೋಮದಲ್ಲಿ ಒಂದು ಪದರ ಅನಿಲದಿಂದ ತುಂಬಿದ್ದರೆ, ಕೆಲವೇ ಮೀಟರ್ ಅಂತರದ ಇನ್ನೊಂದು ಪದರ ಬರಿದಾಗಿರುವುದೂ ಉಂಟು.

ಅನಿಲವು ಹುಟ್ಟಿದ್ದು ಈ ಶಿಲೆಯಲ್ಲಿ ಅಲ್ಲ. ಬಹಳ ಕೆಳಗಿರುವ ಸೈಲೂರಿಯನ್ ಯುಗದ, ಜೀವಾಂಶ ತುಂಬಿದ ಶೇಲ್ ಎಂಬ ಜೇಡಿಯ ಪದರಶಿಲೆಯು ಭೂಶಾಖದಲ್ಲಿ ಬೆಂದಾಗ ಅನಿಲ ಉಂಟಾಗಿ ಮೇಲೇರಿ ಬಂದಿತು. ಕತಾರಿನ ಅಡಿಯಲ್ಲಿ ಪದರಗಳು ಕಮಾನಿನಂತೆ ಬಾಗಿರುವುದರಿಂದ ಅದು ಅಲ್ಲಿ ಸೇರಿತು. ಅನ್‌ಹೈಡ್ರೈಟ್ ಪದರಗಳೂ ಮೇಲಿನ ಶೇಲ್ ಶಿಲೆಯೂ ಮುಚ್ಚಳದಂತೆ ತಡೆದವು. ಮೂಲಶಿಲೆ, ರಂಧ್ರಯುಕ್ತ ಶಿಲೆ, ಮುಚ್ಚಳ, ಕಮಾನು — ಇವುಗಳಲ್ಲಿ ಒಂದು ತಪ್ಪಿದ್ದರೂ ಅನಿಲ ಉಳಿಯುತ್ತಿರಲಿಲ್ಲ.

ಕರ್ನಾಟಕದ ಶಿಲೆಗಳು

ಕರ್ನಾಟಕದಲ್ಲಿ ಸುಣ್ಣಕಲ್ಲಿಗೆ ಕೊರತೆಯಿಲ್ಲ. ಬೆಂಗಳೂರಿನ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಭೀಮಾ ಜಲಾನಯನದ ಸುಣ್ಣಕಲ್ಲೇ ಆಗಿದೆ. ಬಾಗಲಕೋಟೆಯ ಕಲಾದಗಿ ಜಲಾನಯನದಲ್ಲಿ ಲೋಕಾಪುರದ ಸುತ್ತ ಸುಣ್ಣಕಲ್ಲು, ಡಾಲೊಮೈಟ್ ಎರಡೂ ಇವೆ. ಆದರೆ ಅವು ಖುಫ್ ಶಿಲೆಗಿಂತ ಬಹಳ ಪ್ರಾಚೀನವಾಗಿದ್ದು, ಗಟ್ಟಿಗೊಂಡು ರಂಧ್ರಗಳನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಅವು ಸಿಮೆಂಟಿಗೂ ಉಕ್ಕಿನ ಕುಲುಮೆಗೂ ಒದಗಿವೆಯೇ ಹೊರತು ಒಲೆಗೆ ಅನಿಲವನ್ನು ಒದಗಿಸಿಲ್ಲ.

ಸುಬ್ರಹ್ಮಣ್ಯಪುರದ ಅಡಿಯಲ್ಲಿ ಸುಣ್ಣಕಲ್ಲೂ ಇಲ್ಲ. ಇಲ್ಲಿರುವುದು ಪೆನಿನ್ಸುಲಾರ್ ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅವರು ಇಟ್ಟ ಹೆಸರು. ಸಮೀಪದ ತುರಹಳ್ಳಿ ಅರಣ್ಯದ ಬಂಡೆಗಳಲ್ಲಿಯೂ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿರುವ ಲಾಲ್‌ಬಾಗ್ ಬಂಡೆಯಲ್ಲಿಯೂ ಇದನ್ನು ಕಾಣಬಹುದು. ಸುಮಾರು 300 ಕೋಟಿ ವರ್ಷ ಹಳೆಯದಾದ, ತೀವ್ರ ಶಾಖ ಮತ್ತು ಒತ್ತಡಗಳಲ್ಲಿ ಮಾರ್ಪಟ್ಟ ಈ ಶಿಲೆಯಲ್ಲಿ ಜೀವಾಂಶವೂ ಇಲ್ಲ, ರಂಧ್ರಗಳೂ ಇಲ್ಲ. ನೀರು ಸಹ ದೊರೆಯುವುದು ಮೇಲ್ಭಾಗದ ಶಿಥಿಲ ಪದರದಲ್ಲಿ ಹಾಗೂ ಬಿರುಕುಗಳಲ್ಲಿ ಮಾತ್ರ. ಒಂದು ನಿವೇಶನದಲ್ಲಿ ನೀರು ಬಂದು ಪಕ್ಕದ್ದರಲ್ಲಿ ಬಾರದಿರುವುದಕ್ಕೆ ಇದೇ ಕಾರಣ.

ಒಂದು ಅನಿಲ ಮಾತ್ರ ಈ ಬಂಡೆಯಲ್ಲಿಯೂ ಹುಟ್ಟುತ್ತದೆ: ರೇಡಾನ್. ಶಿಲೆಯಲ್ಲಿರುವ ಅತ್ಯಲ್ಪ ಯುರೇನಿಯಮ್ ಕ್ಷಯಿಸುವಾಗ ಉಂಟಾಗುವ ಇದು ಉರಿಯುವ ಅನಿಲವಲ್ಲ, ವಿಕಿರಣಶೀಲವಾದದ್ದು. ಇದು ಬಿರುಕಿನ ನೀರಿನಲ್ಲಿ ಕರಗಿ ಕೊಳವೆಬಾವಿಯೊಂದಿಗೆ ಮೇಲೆ ಬರಬಹುದು. ಸುಮಾರು 3.8 ದಿನಗಳಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ನೀರನ್ನು ಗಾಳಿಯಾಡುವ ತೊಟ್ಟಿಗೆ ಚಿಮ್ಮುವಂತೆ ಬಿಟ್ಟರೆ ಬಹುಪಾಲು ಹೊರಟುಹೋಗುತ್ತದೆ.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಕೊಳವೆಬಾವಿ ಕೊರೆಯುವಾಗ ಭುಸುಗುಡುತ್ತ ಮೇಲೆ ಬರುವುದು ಸಾಮಾನ್ಯವಾಗಿ ಯಂತ್ರದ ಕಂಪ್ರೆಸರಿನ ಗಾಳಿ. ಕೊಳೆತ ವಾಸನೆಯಿದ್ದಲ್ಲಿ ಅದು ಬಹುತೇಕ ಒಳಚರಂಡಿಯ ಸೋರಿಕೆ ಅಥವಾ ಹಳೆಯ ಹೂಳಿನ ಫಲ. ಅಂತಹ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಉರಿಯುವ ಅನಿಲವು ಎದುರಾದರೆ, ಅದು ಬಂಡೆಯದಲ್ಲ, ರಸ್ತೆಯಡಿಯ ವಿತರಣಾ ಕೊಳವೆಯದೆಂದೇ ಮೊದಲು ಶಂಕಿಸಬೇಕು. ಆದುದರಿಂದ ಕೊಳವೆಬಾವಿಗೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯುವುದಲ್ಲದೆ, ಪಾಯ ಅಗೆಯುವ ಅಥವಾ ರಿಗ್ ನಿಲ್ಲಿಸುವ ಮುನ್ನ ಕೊಳವೆ ಹಾದುಹೋಗುವ ಜಾಗವನ್ನು ಅನಿಲ ವಿತರಣಾ ಸಂಸ್ಥೆಯಿಂದ ಗುರುತು ಮಾಡಿಸಿಕೊಳ್ಳತಕ್ಕದ್ದು.

ನೈಸರ್ಗಿಕ ಅನಿಲಕ್ಕೆ ಸ್ವತಃ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ಪದಾರ್ಥವನ್ನು ಬೆರೆಸಲಾಗುತ್ತದೆ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾಗಿ ನೆಲಮಟ್ಟದಲ್ಲಿ ಹರಡುವುದಾದರೆ, ಕೊಳವೆಯ ಅನಿಲವು ಹಗುರವಾಗಿ ಛಾವಣಿಯತ್ತ ಏರುತ್ತದೆ. ಸಿಲಿಂಡರಿನಿಂದ ಕೊಳವೆ ಸಂಪರ್ಕಕ್ಕೆ ಬದಲಾಗುವ ಕುಟುಂಬಗಳು ಅಡುಗೆಮನೆಯ ಮೇಲ್ಭಾಗದ ಗಾಳಿಕಿಂಡಿಯನ್ನು ಮುಚ್ಚಬಾರದು. ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ, ಅನಿಲದ ಕವಾಟವನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಹೊರಗೆ ಬಂದ ಬಳಿಕವೇ ದೂರವಾಣಿ ಮೂಲಕ ವಿತರಣಾ ಸಂಸ್ಥೆಗೆ ತಿಳಿಸಬೇಕೆಂದು ಕೋರಲಾಗಿದೆ.