ಏಜೆಂಟ್ ಓದುವ ಕೈಪಿಡಿ: ಮನೆಯ ಫೋಟೊ ತರುವ ಟೂಲ್‌ಗೆ ವಿವರಣೆ ಬರೆಯುವುದು ಹೇಗೆ?

ಅಮೆರಿಕದ ಡಲ್ಲಾಸ್‌ನಲ್ಲಿ ಮನೆ ಹುಡುಕುತ್ತಿರುವವರೊಬ್ಬರು ಎಐ ಏಜೆಂಟ್‌ಗೆ, "ಮೂರು ಬೆಡ್‌ರೂಮ್ ಬೇಕು, ಅಡುಗೆಮನೆಗೆ ಬೆಳಕು ಚೆನ್ನಾಗಿ ಬರಬೇಕು" ಎನ್ನುತ್ತಾರೆ ಎಂದುಕೊಳ್ಳೋಣ. ಬೆಲೆ, ಚದರಡಿ, ವಿಳಾಸ ಎಲ್ಲವೂ ದಾಖಲೆಯಲ್ಲಿ ಅಕ್ಷರರೂಪದಲ್ಲೇ ಸಿಗುತ್ತವೆ. ಬೆಳಕು ಹೇಗಿದೆ ಎಂದು ತಿಳಿಯಲು ಫೋಟೊ ನೋಡಬೇಕು. ಆಗ ಏಜೆಂಟ್ ತನಗೆ ಕೊಟ್ಟಿರುವ ಟೂಲ್‌ಗಳಲ್ಲಿ ಫೋಟೊ ತರುವ ಟೂಲನ್ನು ಆರಿಸಿ ಕರೆಯುತ್ತದೆ. ಆರಿಸುವಾಗ ಅದು ಟೂಲ್‌ನ ಕೋಡ್ ಓದುವುದಿಲ್ಲ. ಆಂತ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಬಳಸಿದ ಕಡೆ ಏಜೆಂಟ್‌ನ ಮುಂದೆ ಮುಖ್ಯವಾಗಿ ಬರುವುದು ಮೂರು: ಟೂಲ್‌ನ ಹೆಸರು, ವಿವರಣೆಯ ಕೆಲವು ಸಾಲು, ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ನಮೂನೆ.

ಡಾಕ್ಯುಮೆಂಟೇಷನ್ ಅರೆಬರೆ ಇದ್ದರೆ ಪ್ರೋಗ್ರಾಮರ್ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ಏಜೆಂಟ್ ಬಹಳ ಸಲ ಕೇಳದೆ ಊಹಿಸಿಕೊಂಡು ಮುಂದೆ ಹೋಗುತ್ತದೆ. ಹಾಗಾಗಿ ಇಲ್ಲಿ ವಿವರಣೆಯನ್ನು ಪ್ರೋಗ್ರಾಂನ ಭಾಗವೆಂದೇ ಎಣಿಸಿ ಬರೆಯಬೇಕು.

'ಮನೆಯ ಫೋಟೊಗಳನ್ನು ತರುತ್ತದೆ' ಎಂದಷ್ಟೇ ಬರೆದರೆ ಏಜೆಂಟ್ ವಿಳಾಸ ಕೊಟ್ಟು ಕರೆಯಬಹುದು, 'ಬೆಳಕಿರುವ ಅಡುಗೆಮನೆ' ಎಂದು ಕೊಟ್ಟೂ ಕರೆಯಬಹುದು. ಅದರ ಬದಲು ಹೀಗೆ ಬರೆಯಿರಿ: 'ಮಾರಾಟಕ್ಕಿರುವ ಒಂದು ಮನೆಯ ಫೋಟೊಗಳ ಲಿಂಕ್, ಅಳತೆ, ಅಡಿಬರಹ ಕೊಡುತ್ತದೆ. ಮನೆಯ ಲಿಸ್ಟಿಂಗ್ ಕೀ ಮೊದಲೇ ಗೊತ್ತಿರಬೇಕು. ವಿಳಾಸದಿಂದ ಮನೆ ಹುಡುಕಲು ಇದನ್ನು ಬಳಸಬೇಡಿ, ಹುಡುಕಾಟದ ಟೂಲ್ ಬಳಸಿ. ಫೋಟೊದೊಳಗೆ ಏನಿದೆ ಎಂಬುದನ್ನು ಇದು ಹೇಳುವುದಿಲ್ಲ.' ಯಾವಾಗ ಬಳಸಬಾರದು ಎಂಬ ಸಾಲನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಏಜೆಂಟ್‌ಗೆ ಹೆಚ್ಚು ನೆರವಾಗುವುದು ಅದೇ ಸಾಲು.

ಮನೆಯ ಗುರುತಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅಮೆರಿಕದಲ್ಲಿ ಮನೆ ಮಾರಾಟದ ಮಾಹಿತಿ ಎಂಎಲ್ಎಸ್ ಎಂಬ ಪ್ರಾದೇಶಿಕ ವ್ಯವಸ್ಥೆಗಳಲ್ಲಿ ಇರುತ್ತದೆ. ಅವು ಒಂದೇ ಭಾಷೆ ಆಡಲೆಂದು ರೆಸೊ ಎಂಬ ಸಂಸ್ಥೆ ಮಾನದಂಡ ರೂಪಿಸಿದೆ. ಅದರಲ್ಲಿ 'ಲಿಸ್ಟಿಂಗ್ ಐಡಿ' ಎಂಬುದು ಜನ ನೋಡುವ, ಜಾಹೀರಾತಿನಲ್ಲಿ ಬರುವ ಸಂಖ್ಯೆ. 'ಲಿಸ್ಟಿಂಗ್ ಕೀ' ಎಂಬುದು ವ್ಯವಸ್ಥೆಯೊಳಗೆ ಒಂದು ದಾಖಲೆಯನ್ನು ಗುರುತಿಸುವ ಕೀಲಿ. ಎರಡು ಎಂಎಲ್ಎಸ್‌ಗಳಲ್ಲಿ ಒಂದೇ ಐಡಿ ಬೇರೆ ಬೇರೆ ಮನೆಗಳಿಗೆ ಇರಬಹುದು. ಗ್ರಾಹಕರು ಹೇಳುವುದು ಐಡಿಯನ್ನು, ಟೂಲ್ ಕೇಳುವುದು ಕೀಯನ್ನು. ಈ ವ್ಯತ್ಯಾಸವನ್ನು ನಮೂನೆಯಲ್ಲಿ ಉದಾಹರಣೆ ಸಮೇತ ಬರೆಯದಿದ್ದರೆ ಏಜೆಂಟ್ ಬೇರೆ ಯಾರದೋ ಮನೆಯ ಫೋಟೊ ತಂದು ತೋರಿಸೀತು. ಹಾಗೆ ಬೇರೆ ಮನೆಯ ಫೋಟೊ ಸಿಕ್ಕಾಗ ಯಾವ ಎರರ್ ಕೂಡ ಬರುವುದಿಲ್ಲ, ಆದ್ದರಿಂದ ತಪ್ಪು ಯಾರ ಗಮನಕ್ಕೂ ಬಾರದೆ ಹೋಗಬಹುದು.

ರೆಸೊ ಮಾನದಂಡದಲ್ಲಿ ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆ ಇರುತ್ತದೆ, ಅದು ಫೋಟೊವೋ ನೆಲನಕ್ಷೆಯೋ ವಿಡಿಯೊವೋ ಎಂಬ ವರ್ಗವಿರುತ್ತದೆ, ಅದು ಯಾವ ಕೋಣೆಯದು ಎಂದು ಹೇಳುವ ಜಾಗವೂ ಇದೆ. ಈ ಕೊನೆಯದು ಖಾಲಿ ಇರಬಹುದು ಎಂಬುದನ್ನು ವಿವರಣೆಯಲ್ಲೇ ತಿಳಿಸಿ. ಇಲ್ಲದಿದ್ದರೆ 'ಅಡುಗೆಮನೆ' ಎಂದು ಸೋಸಿದಾಗ ಏನೂ ಸಿಗದೆ, 'ಈ ಮನೆಗೆ ಅಡುಗೆಮನೆಯ ಫೋಟೊ ಇಲ್ಲ' ಎಂದು ಏಜೆಂಟ್ ಹೇಳಿಬಿಡುತ್ತದೆ.

ಚಿತ್ರಗಳಿಗೆ ಖರ್ಚೂ ಇದೆ. ಆಂತ್ರಾಪಿಕ್ ತನ್ನ ಕ್ಲಾಡ್ ಮಾದರಿಗಳಿಗೆ ಕೊಟ್ಟ ಸ್ಥೂಲ ಲೆಕ್ಕದ ಪ್ರಕಾರ ಚಿತ್ರದ ಅಗಲ ಮತ್ತು ಎತ್ತರದ ಪಿಕ್ಸೆಲ್‌ಗಳನ್ನು ಗುಣಿಸಿ 750ರಿಂದ ಭಾಗಿಸಿದರೆ ಟೋಕನ್‌ಗಳ, ಅಂದರೆ ಮಾದರಿ ಓದುವ ತುಣುಕುಗಳ, ಅಂದಾಜು ಸಿಗುತ್ತದೆ. 1200×800ರ ಒಂದು ಫೋಟೊಗೆ ಸುಮಾರು 1,280 ಟೋಕನ್. ಅಂಥ 40 ಫೋಟೊಗಳಿಗೆ 51,000ಕ್ಕೂ ಹೆಚ್ಚು. ಒಂದೇ ಮನೆಗೆ ಇಷ್ಟು ಹೋದರೆ ಬೇರೆ ಮನೆಗಳೊಂದಿಗೆ ಹೋಲಿಸಿ ನೋಡಲು ಏಜೆಂಟ್‌ಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಮೊದಲ ಕರೆಗೆ ಲಿಂಕ್, ಅಡಿಬರಹಗಳ ಪಟ್ಟಿ ಮಾತ್ರ ಕೊಟ್ಟು, ಬೇಕಾದ ಚಿತ್ರವನ್ನು ಎರಡನೇ ಕರೆಯಲ್ಲಿ ತರಿಸುವುದು ಒಳ್ಳೆಯದು. ಒಂದು ಸಲಕ್ಕೆ ಗರಿಷ್ಠ ಎಷ್ಟು ಫೋಟೊ, ಹೇಳದಿದ್ದರೆ ಎಷ್ಟು ಬರುತ್ತವೆ ಎಂಬ ಎರಡೂ ಸಂಖ್ಯೆಗಳನ್ನು ನಮೂದಿಸಿ. ಲಿಂಕ್‌ಗಳ ಅವಧಿ ಮುಗಿಯುವುದಾದರೆ ಎಷ್ಟು ಹೊತ್ತಿಗೆ ಎಂದೂ ಬರೆಯಿರಿ.

ಬರಿಗೈ ಉತ್ತರಗಳನ್ನೂ ಬಿಡಿಸಿ ಹೇಳಬೇಕು. ಮನೆ ಇದೆ, ಫೋಟೊ ಇಲ್ಲ. ಅಂಥ ಕೀಯೇ ಇಲ್ಲ. ಸರ್ವರ್ ಸದ್ಯಕ್ಕೆ ಉತ್ತರಿಸುತ್ತಿಲ್ಲ. ಈ ಮೂರಕ್ಕೂ ಒಂದೇ ಖಾಲಿ ಪಟ್ಟಿ ಕಳಿಸಿದರೆ ಏಜೆಂಟ್ ಗ್ರಾಹಕರಿಗೆ ತಪ್ಪು ಹೇಳುವುದು ಖಂಡಿತ. ಎರರ್ ಸಂದೇಶದಲ್ಲಿ ಮುಂದೇನು ಮಾಡಬೇಕೆಂಬುದೂ ಇರಲಿ: 'ಈ ಕೀ ಸಿಗಲಿಲ್ಲ. ಇದು ಲಿಸ್ಟಿಂಗ್ ಐಡಿ ಆಗಿದ್ದರೆ ಹುಡುಕಾಟದ ಟೂಲ್‌ನಿಂದ ಕೀ ಪಡೆಯಿರಿ.'

ಫೋಟೊ ಸಿಕ್ಕಿತೆಂದ ಮಾತ್ರಕ್ಕೆ ಬೇಕಾದಂತೆ ಬಳಸುವ ಹಕ್ಕು ಸಿಗುವುದಿಲ್ಲ. ಅಮೆರಿಕದ ಫೋಟೊ ಕಂಪನಿ ವಿಎಚ್‌ಟಿ ತನ್ನ ಚಿತ್ರಗಳ ಬಳಕೆಯ ವಿಚಾರವಾಗಿ 2015ರಲ್ಲಿ ಮನೆ ಮಾರಾಟದ ಜಾಲತಾಣ ಜಿಲ್ಲೋ ಮೇಲೆ ಮೊಕದ್ದಮೆ ಹೂಡಿತು. ಮಾರಾಟದ ಪಟ್ಟಿಯಲ್ಲಿ ತೋರಿಸಿದ್ದಕ್ಕೆ ಜಿಲ್ಲೋ ನೇರ ಹೊಣೆಯಲ್ಲ ಎಂದ ಮೇಲ್ಮನವಿ ನ್ಯಾಯಾಲಯ, 'ಡಿಗ್ಸ್' ಎಂಬ ಗೃಹಾಲಂಕಾರ ವಿಭಾಗದಲ್ಲಿ ಆರಿಸಿ ಟ್ಯಾಗ್ ಮಾಡಿ ತೋರಿಸಿದ ಸಾವಿರಾರು ಚಿತ್ರಗಳ ಮಟ್ಟಿಗೆ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ ಎಂದು 2019ರಲ್ಲಿ ಹೇಳಿತು. ಆದ್ದರಿಂದ ತೋರಿಸಬಹುದೇ, ಉಳಿಸಿಕೊಳ್ಳಬಹುದೇ, ತಿದ್ದಬಹುದೇ ಎಂಬುದನ್ನು ಟೂಲ್ ತನ್ನ ಉತ್ತರದಲ್ಲೇ ತಿಳಿಸಬೇಕು. ಖಾಲಿ ಕೋಣೆಗೆ ಕಂಪ್ಯೂಟರಿನಲ್ಲಿ ಸೋಫಾ ಕೂರಿಸಿದ ಚಿತ್ರವಾದರೆ ಅದಕ್ಕೂ ಗುರುತಿರಲಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಇಂಥದ್ದೇ ಟೂಲ್ ಕಟ್ಟುವವರು ಇದನ್ನು ಇನ್ನಷ್ಟು ಗಟ್ಟಿಯಾಗಿ ಪಾಲಿಸಬೇಕು. ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕೆಂದು 2016ರ ರೇರಾ ಕಾಯ್ದೆಯ 12ನೇ ಕಲಮು ಹೇಳುತ್ತದೆ.

ಅಡಿಬರಹಗಳನ್ನು ಹೊರಗಿನವರು ಬರೆದಿರುತ್ತಾರೆ; ಅವುಗಳೊಳಗೆ ಆದೇಶದಂಥ ಮಾತು ಅಡಗಿದ್ದರೆ ಪಾಲಿಸಬಾರದೆಂದೂ ವಿವರಣೆಯಲ್ಲಿ ಸೇರಿಸಿ. ಇಷ್ಟೆಲ್ಲ ಬರೆದ ಮೇಲೆ ಗ್ರಾಹಕರು ಕೇಳುವಂಥ ಹತ್ತಿಪ್ಪತ್ತು ಪ್ರಶ್ನೆಗಳನ್ನು ಏಜೆಂಟ್‌ಗೆ ಕೊಟ್ಟು, ಅದು ಯಾವ ಟೂಲನ್ನು ಯಾವ ಕೀ ಕೊಟ್ಟು ಕರೆಯಿತೆಂದು ಲಾಗ್‌ನಲ್ಲಿ ನೋಡಿ. ತಪ್ಪು ಕಂಡರೆ ಕೋಡ್ ಮುಟ್ಟುವ ಮೊದಲು ವಿವರಣೆಯನ್ನು ತಿದ್ದಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ.