ಕೆಂಪೇರಿದ ಮುಖ: ರೊಸೇಶಿಯಾ ವ್ಯಾಧಿಯ ಅರಿವು ಮತ್ತು ಆರೈಕೆ

ಡೊಂಬಿವಲಿಯಿಂದ ಮುಂಬಯಿಯ ಕೋಟೆ ಭಾಗದ ಕಚೇರಿಗೆ ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಬೆಳಗಿನ ಜಾವ ಒಲೆಯ ಮುಂದೆ ನಿಂತು ಅಡುಗೆ ಮುಗಿಸಿ, ಬಿಸಿಲಿನಲ್ಲಿ ನಿಲ್ದಾಣಕ್ಕೆ ನಡೆದು, ಕಿಕ್ಕಿರಿದ ಬೋಗಿಯಲ್ಲಿ ಬೆವರುತ್ತ ಕಚೇರಿ ಸೇರುವ ಹೊತ್ತಿಗೆ ಅವರ ಕೆನ್ನೆ, ಮೂಗುಗಳು ಬಿಸಿಯೇರಿ ಉರಿಯತೊಡಗುತ್ತವೆ. ಮೊದಮೊದಲು ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದ ಕೆಂಪು ಬರಬರುತ್ತ ಮುಖದಲ್ಲೇ ನೆಲೆಸುತ್ತದೆ; ಅದರ ಮೇಲೆ ಸಣ್ಣ ಗುಳ್ಳೆಗಳೂ ಏಳುತ್ತವೆ. "ಈ ವಯಸ್ಸಿನಲ್ಲಿ ಮೊಡವೆಯೇ?" ಎಂದು ನೆರೆಯವರು ನಗುತ್ತಾರೆ. ಔಷಧದ ಅಂಗಡಿಯವನು ಒಂದು ಮುಲಾಮು ಕೊಡುತ್ತಾನೆ. ಕೆಲವೇ ದಿನಗಳಲ್ಲಿ ಮುಖ ತಿಳಿಯಾಗುತ್ತದೆ. ನಿಜವಾದ ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ಇದು ಮೊಡವೆಯಲ್ಲ

ಇಂಥ ಮುಖದ ಹಿಂದಿರುವುದು ಹಲವು ವೇಳೆ ರೊಸೇಶಿಯಾ ಎಂಬ ದೀರ್ಘಕಾಲದ ಚರ್ಮವ್ಯಾಧಿ. ಸಾಮಾನ್ಯವಾಗಿ 30ರಿಂದ 50 ವರ್ಷಗಳ ನಡುವೆ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಇದು ಕಂಡುಬರುತ್ತದೆ. ಹಣೆಯ ನಡುಭಾಗ, ಮೂಗು, ಕೆನ್ನೆ, ಗಲ್ಲಗಳು ಇದರ ನೆಲೆ. ಆಗಾಗ ಮುಖ ಕೆಂಪೇರುವುದು, ಚರ್ಮದ ಮೇಲೆ ನವಿರಾದ ರಕ್ತನಾಳಗಳು ಎದ್ದು ಕಾಣುವುದು, ಕೀವುಗುಳ್ಳೆಗಳು ಏಳುವುದು ಇದರ ಲಕ್ಷಣಗಳು. ಮೊಡವೆಯಲ್ಲಿ ಕಾಣುವ ಕಪ್ಪು ತಲೆಯ ಸಣ್ಣ ಬೆಣೆಗಳು ಇದರಲ್ಲಿ ಇರುವುದಿಲ್ಲ. ಈ ಒಂದು ಗುರುತು ಎರಡನ್ನೂ ಬೇರ್ಪಡಿಸಲು ನೆರವಾಗುತ್ತದೆ.

ಇದು ಬಿಳಿಯ ಚರ್ಮದವರ ವ್ಯಾಧಿಯೆಂಬ ಭಾವನೆ ಬಹುಕಾಲ ಬೇರೂರಿತ್ತು. ಎಣ್ಣೆಗೆಂಪು, ಕಂದು ಬಣ್ಣದ ಚರ್ಮದಲ್ಲಿ ಕೆಂಪು ಸುಲಭವಾಗಿ ಕಣ್ಣಿಗೆ ಬೀಳದಿರುವುದೇ ಇದಕ್ಕೆ ಕಾರಣ. ನಮ್ಮ ಜನರಲ್ಲಿ ಬಣ್ಣಕ್ಕಿಂತ ಅನುಭವವನ್ನೇ ಹೆಚ್ಚು ಗಮನಿಸಬೇಕಾಗುತ್ತದೆ: ಮುಖ ಪದೇ ಪದೇ ಬಿಸಿಯಾಗುವುದು, ಸೋಪು ತಗಲಿದರೆ ಚುರುಗುಟ್ಟುವುದು, ಕೆನ್ನೆಗಳು ಮಂಕು ಕಂದಾಗುವುದು. ರೋಗಿಗಳಲ್ಲಿ ಹಲವರಿಗೆ ಕಣ್ಣೂ ತೊಂದರೆ ಕೊಡುತ್ತದೆ. ಮರಳು ಬಿದ್ದಂತೆ ಒತ್ತುವುದು, ಉರಿ, ರೆಪ್ಪೆಯಲ್ಲಿ ಮತ್ತೆ ಮತ್ತೆ ಕುರು ಏಳುವುದು ಇದರ ಸೂಚನೆಗಳು. ಇವನ್ನು ಅಲಕ್ಷಿಸಿದರೆ ಕಣ್ಣಿನ ಪಾರದರ್ಶಕ ಪಟಲಕ್ಕೇ ಅಪಾಯವಾಗಬಹುದು.

ಕಾರಣವೇನು?

ಮೂಲಕಾರಣ ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ. ಆದರೆ ದೇಹದ ರಕ್ಷಣಾ ವ್ಯವಸ್ಥೆಯೂ ಮುಖದ ರಕ್ತನಾಳ ಹಾಗೂ ನರಗಳೂ ಅಲ್ಪ ಪ್ರಚೋದನೆಗೂ ಅತಿಯಾಗಿ ಪ್ರತಿಕ್ರಿಯಿಸುತ್ತವೆ ಎಂಬುದು ಸ್ಪಷ್ಟವಾಗಿದೆ. ಸೂಕ್ಷ್ಮಜೀವಿಗಳನ್ನು ಎದುರಿಸಲು ಚರ್ಮವೇ ತಯಾರಿಸುವ ಕ್ಯಾಥೆಲಿಸಿಡಿನ್ ಎಂಬ ವಸ್ತು ಈ ರೋಗಿಗಳಲ್ಲಿ ಮಿತಿಮೀರಿ, ವಿಕೃತ ರೂಪದಲ್ಲಿ ಇರುವುದನ್ನು 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ವಯಸ್ಕರೆಲ್ಲರ ಮುಖದಲ್ಲೂ ಸಾಮಾನ್ಯವಾಗಿ ವಾಸಿಸುವ ಡೆಮೊಡೆಕ್ಸ್ ಎಂಬ ಅತಿಸೂಕ್ಷ್ಮ ನುಸಿ ಇವರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುತ್ತದೆ. ವಂಶದ ಒಲವೂ ಉಂಟು. ಆದರೆ ಇದು ಅಂಟುರೋಗವಲ್ಲ. ಕೊಳೆಯಿಂದಾಗಲಿ ಅಶುಚಿತ್ವದಿಂದಾಗಲಿ ಬರುವುದೂ ಅಲ್ಲ.

ಅಂಗಡಿಯ ಮುಲಾಮು

ಅಂಗಡಿಯವನು ಕೊಟ್ಟ ಮುಲಾಮಿನಲ್ಲಿ ಬಹುತೇಕ ಇರುವುದು ಬೆಟಾಮೆಥಸೋನ್, ಮೊಮೆಟಾಸೋನ್ ಅಥವಾ ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್. ಅದು ರಕ್ತನಾಳಗಳನ್ನು ಸಂಕುಚಿತಗೊಳಿಸಿ ಉರಿಯೂತವನ್ನು ಅಡಗಿಸುವುದರಿಂದ ಮುಖ ಬೇಗ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ, ರಕ್ತನಾಳಗಳು ಹಿಗ್ಗಿ, ಗುಳ್ಳೆಗಳು ಇಮ್ಮಡಿಯಾಗುತ್ತವೆ. ನಿಲ್ಲಿಸಿದರೆ ಕೆಂಪೂ ಉರಿಯೂ ಭುಗಿಲೇಳುತ್ತವೆ. ರೋಗಿ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾನೆ. ರೊಸೇಶಿಯಾ ಇಲ್ಲದವರಿಗೂ ಅದನ್ನೇ ಹೋಲುವ ಮುಖವನ್ನು ಈ ಮುಲಾಮು ತಂದುಕೊಡಬಲ್ಲದು. ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಮಿಶ್ರಣಗಳಲ್ಲಿಯೂ ಸ್ಟೀರಾಯ್ಡ್ ಅಡಗಿರುತ್ತದೆ.

ಇದು ವಿರಳವಾದ ಅನುಭವವಲ್ಲ. ದೇಶದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಗಾಗಿ ಬಂದ 2926 ರೋಗಿಗಳ ಪೈಕಿ 433 ಮಂದಿ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದುದು ಕಂಡುಬಂದಿತು. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಹಚ್ಚಿದ್ದು ವೈದ್ಯರಲ್ಲದವರ ಮಾತಿನ ಮೇಲೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟುಪಾಡು ವಿಧಿಸಿತು. ಕಟ್ಟುಪಾಡಿನಷ್ಟೇ ಮುಖ್ಯವಾದುದು ಕೊಳ್ಳುವವರ ಎಚ್ಚರ. ಈಗಾಗಲೇ ಇದಕ್ಕೆ ಒಗ್ಗಿರುವವರು ಚರ್ಮತಜ್ಞರ ಮೇಲ್ವಿಚಾರಣೆಯಲ್ಲಿ ಬಿಡುವುದು ಲೇಸು. ಬಿಟ್ಟ ಮೇಲಿನ ಕೆಲವು ವಾರಗಳ, ಒಮ್ಮೊಮ್ಮೆ ತಿಂಗಳುಗಳ, ಉರಿಯನ್ನು ತಾಳಿಕೊಳ್ಳಬೇಕಾಗುತ್ತದೆ.

ದಿನಚರಿಯಲ್ಲಿ ಎಚ್ಚರ

ಈ ವ್ಯಾಧಿಯನ್ನು ಬುಡಸಹಿತ ಕೀಳುವ ಔಷಧವಿಲ್ಲ. ಹತೋಟಿಯಲ್ಲಿಡುವುದು ಖಂಡಿತ ಸಾಧ್ಯ. ಬಿಸಿಲು, ಒಲೆಯ ಝಳ, ಖಾರದ ಊಟ, ಮದ್ಯ, ಮನಸ್ಸಿನ ಉದ್ವೇಗ ಇವು ಸಾಮಾನ್ಯ ಪ್ರಚೋದಕಗಳು. ಎಲ್ಲವೂ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಮುಖ ಕೆಂಪೇರಿದ ದಿನ ಉಂಡದ್ದು, ತಿರುಗಿದ್ದು, ಮನಸ್ಸನ್ನು ಕಾಡಿದ್ದು ಇವನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ತಮ್ಮ ತಮ್ಮ ಶತ್ರು ಯಾವುದೆಂಬುದು ಎರಡು ಮೂರು ತಿಂಗಳಲ್ಲಿ ತಿಳಿಯುತ್ತದೆ.

ಕನ್ನಡಿಗರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಕಾಫಿಯದು. 1981ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಸಿ ಕಾಫಿಯಂತೆಯೇ ಬರಿಯ ಬಿಸಿನೀರೂ ಮುಖವನ್ನು ಕೆಂಪೇರಿಸಿತು. ತಣಿದ ಕಾಫಿ ಕೆಂಪೇರಿಸಲಿಲ್ಲ. ಅಮೆರಿಕದ ದಾದಿಯರನ್ನು ಕುರಿತು 2018ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನದಲ್ಲಿ ಕಾಫಿ ಹೆಚ್ಚು ಕುಡಿಯುವವರಲ್ಲಿ ರೊಸೇಶಿಯಾ ಕಡಿಮೆಯೇ ಕಂಡಿತು. ಆದುದರಿಂದ ಲೋಟವನ್ನು ದೂರವಿಡಬೇಕಾಗಿಲ್ಲ. ಕಾಫಿ ಆರುವವರೆಗೆ ಕಾದರೆ ಸಾಕು.

ಒಗ್ಗರಣೆ ಹಾಕುವಾಗ ಪಾತ್ರೆಗೆ ಮುಚ್ಚಳ ಮುಚ್ಚಿ ಮುಖವನ್ನು ದೂರವಿಡಬೇಕು, ಅಡುಗೆಮನೆಯಲ್ಲಿ ಗಾಳಿಯಾಡುವಂತಿರಬೇಕು. ಹೊರಗೆ ಹೊರಡುವಾಗ ಕೊಡೆ ಇರಲಿ. ಜಿಂಕ್ ಆಕ್ಸೈಡ್ ಇರುವ, 30 ಅಥವಾ ಅದಕ್ಕೂ ಹೆಚ್ಚಿನ ಅಂಕಿಯ ಸನ್‌ಸ್ಕ್ರೀನ್ ಲೇಪ ಇರಲಿ. ತೀಕ್ಷ್ಣವಲ್ಲದ ಮಾರ್ಜಕದಿಂದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎರಡು ಸಲ ಮುಖ ತೊಳೆದು, ಸುವಾಸನೆಯಿಲ್ಲದ ತೇವಲೇಪ ಹಚ್ಚುವುದು ಹಿತಕರ. ನಿಂಬೆರಸ ಹಚ್ಚುವುದು, ಕಡಲೆಹಿಟ್ಟಿನಿಂದ ತಿಕ್ಕುವುದು, ಹಬೆ ಹಿಡಿಯುವುದು ಇಂಥ ಚರ್ಮಕ್ಕೆ ಸಲ್ಲದು.

ಚಿಕಿತ್ಸೆ

ಮೆಟ್ರೊನಿಡಜೋಲ್, ಅಜೆಲೇಯಿಕ್ ಆಮ್ಲ, ಐವರ್ಮೆಕ್ಟಿನ್ ಲೇಪಗಳು, ಅಗತ್ಯವಿದ್ದರೆ ಅಲ್ಪ ಪ್ರಮಾಣದ ಡಾಕ್ಸಿಸೈಕ್ಲಿನ್ ಗುಳಿಗೆ ಇವು ವೈದ್ಯರು ಕೊಡುವ ಔಷಧಗಳು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಸಲ್ಲದು. ಎದ್ದು ಕಾಣುವ ರಕ್ತನಾಳಗಳಿಗೆ ಲೇಸರ್ ಚಿಕಿತ್ಸೆಯಿದೆ. ಔಷಧಗಳ ಫಲ ಕಾಣಲು ಎಂಟು ಹನ್ನೆರಡು ವಾರಗಳು ಬೇಕಾಗಬಹುದು. ಮೂರು ದಿನದ ಪವಾಡವನ್ನು ಇಲ್ಲಿ ನಿರೀಕ್ಷಿಸಬಾರದು. ಕೆನ್ನೆಯ ಕೆಂಪು ಲೂಪಸ್‌ನಂಥ ಬೇರೆ ವ್ಯಾಧಿಯ ಸೂಚನೆಯೂ ಆಗಿರಬಹುದಾದ್ದರಿಂದ ರೋಗನಿರ್ಣಯ ವೈದ್ಯರಿಂದಲೇ ಆಗಬೇಕು.

ನಾಚಿಕೆಗೆ ಕಾರಣವಿಲ್ಲ

ಕೆಲವರಲ್ಲಿ, ವಿಶೇಷವಾಗಿ ಪುರುಷರಲ್ಲಿ, ಮೂಗಿನ ಚರ್ಮ ದಪ್ಪವಾಗಿ ಗಂಟುಗಟ್ಟುತ್ತದೆ. ಇದನ್ನು ಕಂಡ ಜನ ಕುಡುಕನೆಂದು ಬೆರಳು ತೋರುವುದುಂಟು. ಆದರೆ ಮದ್ಯವನ್ನು ಮುಟ್ಟದವರಿಗೂ ಇದು ಬರುತ್ತದೆ. ಇಟಲಿಯ ಘಿರ್ಲಾಂಡಯೊ ಸುಮಾರು 1490ರಲ್ಲಿ ರಚಿಸಿದ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಇಂಥದೇ ಮೂಗಿನ ವೃದ್ಧನೊಬ್ಬನಿದ್ದಾನೆ. ಅವನ ತೊಡೆಯ ಬಳಿಯ ಮಗು ಆ ಮುಖವನ್ನು ಎವೆಯಿಕ್ಕದೆ ಪ್ರೀತಿಯಿಂದ ನೋಡುತ್ತಿದೆ. ನೆರೆಹೊರೆಯವರೂ ಬಂಧುಗಳೂ ಆ ಮಗುವಿನಿಂದ ಕಲಿಯಬೇಕಾದುದಿದೆ. ರೋಗಿಗಳಾದರೋ, ಕನ್ನಡಿಯ ಮುಂದೆ ಕೊರಗುವುದನ್ನೂ ಅಂಗಡಿಯ ಮುಲಾಮನ್ನೂ ಒಟ್ಟಿಗೆ ಬಿಟ್ಟು ಚರ್ಮತಜ್ಞರ ಬಳಿಗೆ ಹೋಗುವುದು ಶ್ರೇಯಸ್ಕರ.